ತುಪ್ಪುಳು ಮತ್ತು ಅದರ ನಕಲು

ಬಾತುಕೋಳಿ ದಿನವಿಡೀ ಕೆರೆಯಲ್ಲಿ ತೇಲುತ್ತದೆ, ಮುಳುಗುತ್ತದೆ, ತಲೆ ಕೆಳಗೆ ಮಾಡಿ ಕೆಸರು ಕೆದಕುತ್ತದೆ. ದಡಕ್ಕೆ ಬಂದು ಮೈ ಒಮ್ಮೆ ಕೊಡವಿದರೆ ಮುಗಿಯಿತು. ನೀರೆಲ್ಲ ಹನಿಹನಿಯಾಗಿ ಉದುರಿಹೋಗುತ್ತದೆ. ಒಳಗಿನ ತುಪ್ಪುಳಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಮೇಲಿನ ಗಟ್ಟಿ ಗರಿಗಳು ಒಂದರ ಮೇಲೊಂದು ಹೊದ್ದುಕೊಂಡು ಕೂತಿರುತ್ತವೆ. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಹಕ್ಕಿ ಅವುಗಳಿಗೆ ಸವರುತ್ತಲೇ ಇರುತ್ತದೆ. ಅಂದರೆ ಬಾತುಕೋಳಿ ತೊಟ್ಟಿರುವುದು ಎರಡು ಅಂಗಿ: ಮಳೆಗೆ ಹೊರಗಿನದು, ಚಳಿಗೆ ಒಳಗಿನದು. ಮನುಷ್ಯ ಒಳಗಿನದನ್ನು ಮಾತ್ರ ಕಿತ್ತುಕೊಂಡು ಬಂದ. ಮುಂದಿನ ಕಥೆಯೆಲ್ಲ ಈ ಅರೆಬರೆ ಕಳ್ಳತನದ್ದು.

ತುಪ್ಪುಳು ಬಿಸಿ ಹುಟ್ಟಿಸುವುದಿಲ್ಲ. ಕಂಬಳಿಯೂ ಹುಟ್ಟಿಸುವುದಿಲ್ಲ. ಬಿಸಿ ನಮ್ಮ ಮೈಯದು, ಉಂಡ ಅನ್ನದ್ದು. ಅದು ಹೊರಗೆ ಸೋರಿಹೋಗುವುದನ್ನು ನಿಧಾನ ಮಾಡುವುದಷ್ಟೇ ಹೊದಿಕೆಯ ಕೆಲಸ. ಆ ಕೆಲಸಕ್ಕೆ ಕದಲದೆ ನಿಂತ ಗಾಳಿಯಷ್ಟು ಅಗ್ಗದ, ಹಗುರದ ಸಾಮಗ್ರಿ ಸಿಗುವುದು ಕಷ್ಟ. ಶಾಖ ಸಾಗಿಸುವುದರಲ್ಲಿ ನೀರು ಗಾಳಿಗಿಂತ ಸುಮಾರು 24 ಪಟ್ಟು ಚುರುಕು. ಗಾಳಿ ಅಷ್ಟು ಸೋಮಾರಿ. ತೊಂದರೆಯೆಂದರೆ ಅದು ಒಂದು ಕಡೆ ನಿಲ್ಲುವುದಿಲ್ಲ. ಬೆಚ್ಚಗಾದ ಕೂಡಲೇ ಮೇಲೇಳುತ್ತದೆ, ಖಾಲಿಯಾದ ಜಾಗಕ್ಕೆ ತಣ್ಣನೆಯದು ನುಗ್ಗುತ್ತದೆ. ಅದನ್ನು ಹಿಡಿದು ಕೂರಿಸಲು ಏನಾದರೂ ಬೇಕು. ಹಿಡಿಯುವ ಆ ವಸ್ತು ತಾನೇ ಜಾಗ ತಿನ್ನಬಾರದು, ಭಾರವಾಗಬಾರದು, ಮಡಚಿ ಮೂಟೆಕಟ್ಟಿದರೂ ಬಿಚ್ಚಿದ ಕೂಡಲೇ ಮತ್ತೆ ಉಬ್ಬಬೇಕು.

ಹೆಬ್ಬಾತಿನ ಎದೆಯ ತುಪ್ಪುಳು ಇದನ್ನೆಲ್ಲ ಮಾಡುತ್ತದೆ. ಉಳಿದ ಗರಿಗಳಿಗಿರುವಂತೆ ಅದಕ್ಕೆ ಉದ್ದನೆಯ ಕಡ್ಡಿಯಿಲ್ಲ. ಒಂದೇ ಬಿಂದುವಿನಿಂದ ನವಿರಾದ ಎಳೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಪ್ರತಿ ಎಳೆಗೆ ಅದಕ್ಕಿಂತ ನವಿರಾದ ಮರಿ ಎಳೆಗಳು. ವ್ಯಾಪಾರದಲ್ಲಿ ತುಪ್ಪುಳಿನ ಗುಣವನ್ನು ಅಳೆಯುವುದು ಅದು ಎಷ್ಟು ಉಬ್ಬುತ್ತದೆ ಎಂಬುದರಿಂದ. ಒಂದು ಔನ್ಸ್ ತುಪ್ಪುಳು ಎಷ್ಟು ಘನ ಅಂಗುಲ ಜಾಗ ತುಂಬುತ್ತದೋ ಅದೇ ಅದರ ಅಂಕ. 800 ಅಂಕದ ತುಪ್ಪುಳು ಎಂದರೆ ಒಳ್ಳೆಯ ಮಾಲು. ನಮ್ಮ ಲೆಕ್ಕಕ್ಕೆ ತಂದರೆ 28 ಗ್ರಾಂ ತುಪ್ಪುಳು 13 ಲೀಟರ್ ಜಾಗ ತುಂಬುತ್ತದೆ. ಅಷ್ಟರಲ್ಲಿ ನಿಜವಾದ ತುಪ್ಪುಳಿನ ಗಾತ್ರ ಬರೇ 22 ಮಿಲಿಲೀಟರಿನಷ್ಟು. ಉಳಿದದ್ದೆಲ್ಲ ಗಾಳಿ. ಆ ಗಾಳಿಯನ್ನೇ ತಕ್ಕಡಿಗೆ ಹಾಕಿದರೆ ಸುಮಾರು 15 ಗ್ರಾಂ ತೂಗುತ್ತದೆ, ತುಪ್ಪುಳಿನ ತೂಕದ ಅರ್ಧಕ್ಕಿಂತ ಹೆಚ್ಚು. ದುಬಾರಿ ಬೆಲೆ ಕೊಟ್ಟು ಜಾಕೆಟ್ ಕೊಂಡವನು ಮನೆಗೆ ತರುವುದು ಬಹುಮಟ್ಟಿಗೆ ಅಂಗಡಿಯ ಗಾಳಿಯನ್ನೇ.

ಇದರಲ್ಲಿ ಎಲ್ಲಕ್ಕಿಂತ ಮೇಲಿನದು ಐಸ್‌ಲ್ಯಾಂಡಿನ ಐಡರ್ ಬಾತಿನ ತುಪ್ಪುಳು. ತಾಯಿಹಕ್ಕಿ ತನ್ನ ಎದೆಯ ತುಪ್ಪುಳನ್ನು ತಾನೇ ಗೂಡಿಗೆ ಹಾಸಿ ಮೊಟ್ಟೆಯಿಡುತ್ತದೆ. ಅಲ್ಲಿನ ರೈತರು ಆ ಗೂಡುಗಳನ್ನು ನರಿಗಳಿಂದ ಕಾಯ್ದು ಕೈಯಲ್ಲಿ ತುಪ್ಪುಳು ಆಯುತ್ತಾರೆ. ಒಂದು ಕಿಲೋ ಆಗಬೇಕಾದರೆ ಸುಮಾರು 60 ಗೂಡು ಬೇಕು. ಹಕ್ಕಿಗೆ ನೋವಿಲ್ಲ, ಮನುಷ್ಯನಿಗೆ ಲಾಭ. ಇಂಥ ಒಪ್ಪಂದ ಪ್ರಪಂಚದಲ್ಲಿ ಅಪರೂಪ, ಅದಕ್ಕೇ ಅದರ ಬೆಲೆ ನಮ್ಮನಿಮ್ಮಂಥವರಿಗೆ ಎಟುಕುವಂಥದ್ದಲ್ಲ.

ಐಡರ್ ತುಪ್ಪುಳಿನ ಕೋಟು ತೊಟ್ಟು ಎವರೆಸ್ಟ್ ಹತ್ತಲು ಹೋದವನು ಜಾರ್ಜ್ ಫಿಂಚ್. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಓದಿದ ರಸಾಯನಶಾಸ್ತ್ರಜ್ಞ. 1922ರ ಬ್ರಿಟಿಷ್ ತಂಡದಲ್ಲಿ ಉಳಿದವರೆಲ್ಲ ಉಣ್ಣೆಯ ಕೋಟು, ಸ್ವೆಟರು, ಮಫ್ಲರು ತೊಟ್ಟು ಹೊರಟಾಗ ಈತ ಬಲೂನಿಗೆ ಬಳಸುವ ಬಟ್ಟೆಯಲ್ಲಿ ತುಪ್ಪುಳು ತುಂಬಿಸಿ ಸಾಲುಸಾಲಾಗಿ ಹೊಲಿಸಿದ ದೊಗಲೆ ಕೋಟು ಹಾಕಿಕೊಂಡು ಬಂದ. ಎಲ್ಲರೂ ನಕ್ಕರು. ಸಭ್ಯ ಇಂಗ್ಲಿಷರ ಪರ್ವತಾರೋಹಣಕ್ಕೆ ಒಂದು ಉಡುಪಿನ ಮರ್ಯಾದೆ ಇತ್ತು, ಇವನದು ಅದರೊಳಗೆ ಕೂರಲಿಲ್ಲ. ಮೇಲಕ್ಕೆ ಹೋದಂತೆ ನಗು ನಿಂತಿತು. ಆ ಮೇ 27ರಂದು ಫಿಂಚ್ ಮತ್ತು ಜೆಫ್ರಿ ಬ್ರೂಸ್ ಸುಮಾರು 8,320 ಮೀಟರ್ ಎತ್ತರ ತಲುಪಿದರು. ಅಲ್ಲಿಯತನಕ ಮನುಷ್ಯ ಹತ್ತಿದ್ದ ಅತಿ ಎತ್ತರ ಅದು. ಮುಂದೆ 1924ರ ತಂಡಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಮ್ಯಾಲರಿ ಮತ್ತು ಇರ್ವಿನ್ ಉಣ್ಣೆ, ರೇಷ್ಮೆ, ಗ್ಯಾಬರ್ಡೀನ್ ತೊಟ್ಟೇ ಶಿಖರದ ಕಡೆ ಹೋದರು, ಮರಳಿ ಬರಲಿಲ್ಲ. ತುಪ್ಪುಳಿನ ಕೋಟು ಇದ್ದಿದ್ದರೆ ಬರುತ್ತಿದ್ದರು ಎಂದು ಹೇಳುವುದು ಅನ್ಯಾಯ. ಆದರೆ ಸರಿಯಾದ ಉತ್ತರ ಎರಡು ವರ್ಷ ಮೊದಲೇ ಅದೇ ಬೆಟ್ಟ ಹತ್ತಿ ಇಳಿದಿತ್ತು ಎಂಬುದು ನಿಜ.

ಈ ಫಿಂಚ್ ನಮಗೆ ತೀರ ಪರಕೀಯನೇನಲ್ಲ. 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದವನು ಇವನೇ. ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದ ಸುದ್ದಿ ಬಂದಾಗ ಆತ ಪುಣೆಯಲ್ಲಿದ್ದ. ಅಷ್ಟು ಹೊತ್ತಿಗೆ ತುಪ್ಪುಳಿನ ಕೋಟನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ಹಾಗಾದರೆ ಇಷ್ಟು ಒಳ್ಳೆಯ ವಸ್ತುವಿಗೆ ನಕಲು ಯಾಕೆ ಬೇಕಾಯಿತು? ಉತ್ತರ ಮೊದಲ ಪ್ಯಾರಾದಲ್ಲೇ ಇದೆ, ನೀರು. ಒದ್ದೆಯಾದ ತುಪ್ಪುಳಿನಲ್ಲಿ ಆ ಮರಿ ಎಳೆಗಳೆಲ್ಲ ನೀರಿನ ಸೆಳೆತಕ್ಕೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಉಬ್ಬು ಇಳಿಯಿತು ಎಂದರೆ ಗಾಳಿ ಹೋಯಿತು, ಗಾಳಿಯ ಜಾಗಕ್ಕೆ ನೀರು ಬಂತು. ಬೆಚ್ಚಗಿಡಬೇಕಾದ ಅಂಗಿಯೇ ಮೈಯ ಬಿಸಿಯನ್ನು ಹೀರಿ ಹೊರಗೆ ಚೆಲ್ಲತೊಡಗುತ್ತದೆ. ಒಣಗಲು ದಿನಗಟ್ಟಲೆ ಬೇಕು. ಹಿಮದ ನಡುವೆ ಡೇರೆ ಹಾಕಿದವನಿಗೆ ಒಣಗಿಸುವ ಬಿಸಿಲೆಲ್ಲಿ?

ಮಳೆ ಬಾರದ ಕಡೆ ಈ ಭಯವಿಲ್ಲ ಎಂದುಕೊಳ್ಳಬೇಡಿ. ಮನುಷ್ಯನೇ ಒಂದು ಒಸರುವ ಪಾತ್ರೆ. ಬೆವರುತ್ತಾನೆ, ಉಸಿರಿನಲ್ಲಿ ಆವಿ ಬಿಡುತ್ತಾನೆ. 1911ರ ಜೂನ್ ಕೊನೆಯಲ್ಲಿ ಅಂಟಾರ್ಕ್ಟಿಕದ ನಡುಚಳಿಗಾಲದ ಕತ್ತಲಲ್ಲಿ ಎಡ್ವರ್ಡ್ ವಿಲ್ಸನ್, ಬವರ್ಸ್ ಮತ್ತು ಚೆರಿ-ಗ್ಯಾರಾರ್ಡ್ ಎಂಬ ಮೂವರು ಚಕ್ರವರ್ತಿ ಪೆಂಗ್ವಿನ್‌ಗಳ ಮೊಟ್ಟೆ ತರಲೆಂದು ಕೇಪ್ ಕ್ರೋಜಿಯರ್ ಕಡೆ ಹೊರಟರು. ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಅವರ ಬಳಿ ಹಿಮಸಾರಂಗದ ಚರ್ಮದ ಮಲಗುಚೀಲಗಳಿದ್ದವು, ಒಳಗೆ ಹಾಕಿಕೊಳ್ಳಲು ಐಡರ್ ತುಪ್ಪುಳಿನ ಪದರವೂ ಇತ್ತು. ಹೊರಗಿನಿಂದ ಒಂದು ಹನಿ ಮಳೆ ಬೀಳದ ಆ ನಾಡಿನಲ್ಲಿ ಅವರ ಬೆವರು ಮತ್ತು ಉಸಿರು ಚೀಲದೊಳಗೇ ಹೆಪ್ಪುಗಟ್ಟುತ್ತ ಹೋದವು. ಐದು ವಾರದ ಬಳಿಕ ಹಿಂತಿರುಗುವಷ್ಟರಲ್ಲಿ ಮಲಗುಚೀಲಗಳ ತೂಕ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ರಾತ್ರಿ ಮಲಗಬೇಕಾದರೆ ಹೆಪ್ಪುಗಟ್ಟಿದ ಚೀಲದ ಬಾಯಿಯನ್ನು ಮೈಯ ಬಿಸಿಯಲ್ಲಿ ಅಂಗುಲ ಅಂಗುಲವಾಗಿ ಕರಗಿಸಿಕೊಂಡು ಒಳಗೆ ತೂರಬೇಕಿತ್ತು. ಅವರು ಯಾರ ಮೊಟ್ಟೆಗಾಗಿ ಹೋಗಿದ್ದರೋ ಆ ಪೆಂಗ್ವಿನ್ನುಗಳು ಮಾತ್ರ ಹೊರಗರಿ, ಒಳತುಪ್ಪುಳು ಎರಡನ್ನೂ ಹೊದ್ದು ಅದೇ ಕತ್ತಲಲ್ಲಿ ನಿಂತೇ ಇದ್ದವು.

ಅಮೆರಿಕದಲ್ಲಿ ತುಪ್ಪುಳಿನ ಜಾಕೆಟ್ಟನ್ನು ಜನಸಾಮಾನ್ಯರ ಅಂಗಡಿಗೆ ತಂದವನು ಸಿಯಾಟಲ್ ನಗರದ ಎಡ್ಡಿ ಬಾಯರ್. ಚಳಿಗಾಲದಲ್ಲಿ ಮೀನು ಹಿಡಿಯಲು ಹೋಗಿ, ಉಣ್ಣೆಯ ಕೋಟು ತೊಯ್ದು ಭಾರವಾಗಿ, ಮೈ ಸೆಟೆದು ಸಾಯುವ ಸ್ಥಿತಿಗೆ ತಲುಪಿ ಬದುಕಿಕೊಂಡ. ಆ ಭಯದಿಂದ ಹುಟ್ಟಿದ್ದು 1936ರ ಜಾಕೆಟ್. 1940ರಲ್ಲಿ ಪೇಟೆಂಟ್ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನ ಸಿಬ್ಬಂದಿಗೆ ಇವನದೇ ತುಪ್ಪುಳಿನ ಕೋಟು. ತೊಯ್ದ ಉಣ್ಣೆಯಿಂದ ತಪ್ಪಿಸಿಕೊಂಡವನು ತೊಯ್ದರೆ ಉಣ್ಣೆಗಿಂತಲೂ ಕೆಡುವ ವಸ್ತುವನ್ನು ಆರಿಸಿಕೊಂಡದ್ದು ತಮಾಷೆಯಲ್ಲವೆ? ಅವನ ಪಾಲಿಗೆ ಭಾರವೇ ದೊಡ್ಡ ಶತ್ರುವಾಗಿತ್ತೇನೋ.

ಸೈನ್ಯಕ್ಕೆ ಇನ್ನೊಂದು ಚಿಂತೆಯೂ ಇತ್ತು. ತುಪ್ಪುಳು ಬರುವುದು ಹಕ್ಕಿಯಿಂದ. ಹಕ್ಕಿ ಸಾಕುವವರು ಹೆಚ್ಚಾಗಿ ಚೀನಾದಲ್ಲಿ, ಪೂರ್ವ ಯೂರೋಪಿನಲ್ಲಿ. ಶೀತಲ ಸಮರದ ಕಾಲದಲ್ಲಿ ಇವು ಅಮೆರಿಕಕ್ಕೆ ಎದುರಾಳಿ ಪಾಳೆಯಗಳು. ಆ ದಶಕಗಳಲ್ಲಿ ಅಮೆರಿಕ ಸರಕಾರ ಯುದ್ಧಕ್ಕೆ ಬೇಕಾದ ಕಚ್ಚಾ ಸಾಮಗ್ರಿಗಳ ದಾಸ್ತಾನಿನಲ್ಲಿ ತವರ, ರಬ್ಬರ್, ಟಂಗ್‌ಸ್ಟನ್ ಜೊತೆಗೆ ನೀರುಹಕ್ಕಿಗಳ ಗರಿ ಮತ್ತು ತುಪ್ಪುಳನ್ನೂ ಕೂಡಿಟ್ಟಿತ್ತು. ಅಣುಬಾಂಬಿನ ಯುಗದಲ್ಲಿ ಒಂದು ಮಹಾಶಕ್ತಿ ಬಾತುಕೋಳಿಯ ಎದೆಯ ಗರಿಯನ್ನು ಬೀಗ ಹಾಕಿ ಕಾಯುತ್ತಿತ್ತು!

ಇತ್ತ ಗಿರಣಿಗಳಲ್ಲಿ ಇನ್ನೊಂದು ವಸ್ತು ಬೆಳೆಯುತ್ತಿತ್ತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಪಾಲಿಯೆಸ್ಟರ್ ಎಳೆಯನ್ನು ತೆಗೆದರು. ಬ್ರಿಟನ್ನಿನಲ್ಲಿ ಅದು ಟೆರಿಲಿನ್, ಅಮೆರಿಕದಲ್ಲಿ ಡೇಕ್ರಾನ್. ನಮ್ಮಲ್ಲಿ ಟೆರಿಲಿನ್ ಪ್ಯಾಂಟು, ಟೆರಿಕಾಟ್ ಶರ್ಟು ಮದುವೆ ಗಂಡಿನ ಅಂತಸ್ತನ್ನು ತೋರಿಸುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ಇಸ್ತ್ರಿ ಮುದುಡುವುದಿಲ್ಲ, ಬೇಗ ಒಣಗುತ್ತದೆ ಎಂಬುದು ಅದರ ಹೆಗ್ಗಳಿಕೆ. ಬೇಗ ಒಣಗುವುದರ ಗುಟ್ಟು ಅದು ನೀರು ಕುಡಿಯದಿರುವುದು. ಹತ್ತಿ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ತೇವ ಹಿಡಿದುಕೊಂಡಿರುತ್ತದೆ; ಪಾಲಿಯೆಸ್ಟರ್ ನೂರಕ್ಕೆ ಅರ್ಧ ಪಾಲನ್ನೂ ಹಿಡಿಯುವುದಿಲ್ಲ. ಸೆಖೆಯಲ್ಲಿ ಬೆವರು ಹೀರದೆ ನಮ್ಮನ್ನು ಗೋಳುಹೊಯ್ದುಕೊಂಡ ಗುಣ ಹಿಮದಲ್ಲಿ ವರವಾಯಿತು.

ಮೊದಮೊದಲ ನಕಲುಗಳು ಒರಟಾಗಿದ್ದವು. ದಪ್ಪ ಎಳೆಯ ಪಾಲಿಯೆಸ್ಟರನ್ನು ಹಾಸಿ ಹೊಲಿದರೆ ಉಬ್ಬುತ್ತಿತ್ತು, ಆದರೆ ಎಳೆಗಳ ನಡುವೆ ಕಿಂಡಿ ದೊಡ್ಡದು. ಗಾಳಿ ಓಡಾಡುತ್ತಿತ್ತು, ಶಾಖದ ಕಿರಣಗಳೂ ಹಾದುಹೋಗುತ್ತಿದ್ದವು. ಸಾಕಷ್ಟು ಬೆಚ್ಚಗಾಗಬೇಕಾದರೆ ಜಾಕೆಟ್ಟು ಹಾಸಿಗೆಯ ಸುರುಳಿಯಷ್ಟು ದಪ್ಪವಾಗಬೇಕು. ಡುಪಾಂಟ್ ಕಂಪನಿ ಎಳೆಯೊಳಗೆ ಟೊಳ್ಳು ಕೊರೆಯಿತು, ಆಮೇಲೆ ಒಂದೇ ಎಳೆಗೆ ನಾಲ್ಕು ಟೊಳ್ಳು. ಇನ್ನೊಂದು ಕಡೆ 3ಎಂ ಕಂಪನಿ 1970ರ ದಶಕದ ಕೊನೆಗೆ ಥಿನ್ಸುಲೇಟ್ ಎಂಬ ಹೆಸರಿನಲ್ಲಿ ತೀರ ಸಣ್ಣ ಎಳೆಗಳ ತೆಳು ಪದರ ತಂದಿತು. ಎಳೆ ಸಣ್ಣದಾದಷ್ಟೂ ಅದೇ ತೂಕದಲ್ಲಿ ಹೆಚ್ಚು ಎಳೆಗಳು, ಹೆಚ್ಚು ಮೇಲ್ಮೈ, ಗಾಳಿಗೆ ಹೆಚ್ಚು ಅಡ್ಡಿ. ಕೈಗವಸು, ಬೂಟುಗಳಿಗೆ ಒಳ್ಳೆಯದಾಯಿತು. ಉಬ್ಬು ಮಾತ್ರ ಬರಲಿಲ್ಲ.

ಉಬ್ಬು ಯಾಕೆ ಬರುವುದಿಲ್ಲ ಎಂಬುದು ಸ್ವಾರಸ್ಯದ ವಿಷಯ. ಎಳೆಯ ದಪ್ಪ ಅರ್ಧವಾದರೆ ಅದರ ಬಿಗಿ ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಎಳೆಗಳಿಗೆ ಗಾಳಿ ಹಿಡಿಯುವ ಚಾತುರ್ಯವಿದೆ, ಬೆನ್ನು ನೆಟ್ಟಗೆ ನಿಲ್ಲಿಸುವ ಶಕ್ತಿಯಿಲ್ಲ. ದಪ್ಪ ಎಳೆಗಳಿಗೆ ಶಕ್ತಿಯಿದೆ, ಚಾತುರ್ಯವಿಲ್ಲ. ತುಪ್ಪುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಕ್ಕಿ ಈ ಲೆಕ್ಕವನ್ನು ಎಂದೋ ಬಿಡಿಸಿರುವುದು ಕಾಣುತ್ತದೆ. ತಾಯಿ ಎಳೆ ದಪ್ಪ, ಮರಿ ಎಳೆ ಸಣ್ಣ. ದೊಡ್ಡದು ಎತ್ತಿ ಹಿಡಿಯುತ್ತದೆ, ಚಿಕ್ಕದು ಗಾಳಿಯನ್ನು ನಿಲ್ಲಿಸುತ್ತದೆ.

1980ರ ದಶಕದ ಆರಂಭದಲ್ಲಿ ಅಮೆರಿಕದ ಸೈನ್ಯ, ಒದ್ದೆಯಾದರೂ ಕೈಬಿಡದ ತುಪ್ಪುಳು ಬೇಕೆಂದು ಕೇಳಿದಾಗ ಕೆಲಸ ಹಿಡಿದದ್ದು ಆಲ್ಬನಿ ಇಂಟರ್‌ನ್ಯಾಷನಲ್ ಎಂಬ ಕಂಪನಿ. 1895ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಶುರುವಾದ ಇದರ ಕಸುಬು ಬಟ್ಟೆಯದೂ ಅಲ್ಲ, ಹಾಸಿಗೆಯದೂ ಅಲ್ಲ. ಕಾಗದದ ಕಾರ್ಖಾನೆಗಳಲ್ಲಿ ಒದ್ದೆ ಕಾಗದದ ಪದರವನ್ನು ಹೊತ್ತು, ಹಿಂಡಿ, ನೀರು ತೆಗೆಯುವ ಉದ್ದನೆಯ ಫೆಲ್ಟ್ ಪಟ್ಟಿಗಳನ್ನು ಅದು ಮಾಡುತ್ತಿತ್ತು. ನಾವು ಓದುವ ಪತ್ರಿಕೆಯ ಕಾಗದವೂ ಎಲ್ಲೋ ಅಂಥದೊಂದು ಪಟ್ಟಿಯ ಮೇಲೆ ಮಲಗಿ ಒಣಗಿಯೇ ಬಂದಿರುತ್ತದೆ. ಎಳೆ ಮತ್ತು ನೀರಿನ ಜಗಳವನ್ನು ತೊಂಬತ್ತು ವರ್ಷ ಹತ್ತಿರದಿಂದ ನೋಡಿದವರಿಗೆ ಈ ಕೆಲಸ ಸಿಕ್ಕಿದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಆ ಕಂಪನಿಯ ಜೇಮ್ಸ್ ಡೊನೊವನ್ ಹೆಸರಿನಲ್ಲಿ 1986ರಲ್ಲಿ ಬಂದ ಪೇಟೆಂಟಿನ ಶೀರ್ಷಿಕೆಯೇ ‘ಸಿಂಥೆಟಿಕ್ ಡೌನ್’. ಅದರ ಸಾರ ಇಷ್ಟು: ಬಹುಪಾಲು ಎಳೆಗಳು 3ರಿಂದ 12 ಮೈಕ್ರಾನ್ ದಪ್ಪದವು, ಜೊತೆಗೆ ಸ್ವಲ್ಪ ಪಾಲು ಅದಕ್ಕಿಂತ ದಪ್ಪದವು, 50 ಮೈಕ್ರಾನ್‌ವರೆಗೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ ಆ ಸಣ್ಣ ಎಳೆಗಳು ಎಷ್ಟು ಸಣ್ಣವೆಂದು ಅಂದಾಜು ಸಿಗುತ್ತದೆ. ಎರಡನ್ನೂ ಬೆರೆಸಿ, ಎಳೆಗಳು ಒಂದನ್ನೊಂದು ಮುಟ್ಟುವ ಕಡೆಗಳಲ್ಲಿ ಅಂಟಿಕೊಳ್ಳುವಂತೆ ಮಾಡಿದರೆ ದಪ್ಪ ಎಳೆಗಳು ಹಂದರವಾಗುತ್ತವೆ, ಸಣ್ಣವು ಅದರ ತುಂಬ ಹಬ್ಬುತ್ತವೆ. ಪ್ರೈಮಾಲಾಫ್ಟ್ ಎಂಬ ಹೆಸರಿನಲ್ಲಿ ಅದು ಆ ದಶಕದ ಕೊನೆಗೆ ಅಂಗಡಿಗೆ ಬಂತು. ತೊಯ್ದರೂ ಹಿಂಡಿ ಹಾಕಿಕೊಂಡರೆ ಸಾಕಷ್ಟು ಬೆಚ್ಚಗಿಡುವ ಜಾಕೆಟ್ಟು ಚಾರಣಿಗರಿಗೆ ಸಿಕ್ಕಿತು.

ಗಮನಿಸಬೇಕಾದ ಸಂಗತಿ, ಈ ವಸ್ತು ನೋಡಲು ತುಪ್ಪುಳಿನಂತೆ ಇರಲೇ ಇಲ್ಲ. ಗಾಯಕ್ಕೆ ಕಟ್ಟುವ ಹತ್ತಿಯ ಪದರದಂತೆ ಚಪ್ಪಟೆ ಹಾಳೆ. ನಕಲು ಅಂದ ಕೂಡಲೇ ನಾವು ರೂಪದ ನಕಲನ್ನು ನೆನೆಯುತ್ತೇವೆ: ಪ್ಲಾಸ್ಟಿಕ್ ಹೂವು, ಗಿಲೀಟಿನ ಸರ. ಅವು ನೋಡಲು ಅಸಲಿನಂತಿದ್ದು ಅಸಲಿನ ಕೆಲಸ ಮಾಡುವುದಿಲ್ಲ. ಇದು ಅಸಲಿನಂತೆ ಕಾಣದೆ ಅಸಲಿನ ಕೆಲಸ ಮಾಡಿತು, ಅಸಲು ಸೋತಲ್ಲಿಯೂ ಮಾಡಿತು. ಇಂಥದ್ದನ್ನು ನಕಲಿ ಎಂದು ಮೂಗು ಮುರಿಯುವುದು ನನಗೆ ಸರಿಕಾಣುವುದಿಲ್ಲ. ಇದನ್ನು ಮಾಡಿದವರು ಗರಿಯನ್ನು ನೋಡಲಿಲ್ಲ, ಗರಿ ಏನು ಮಾಡುತ್ತಿದೆ ಎಂಬುದನ್ನು ನೋಡಿದರು.

ಗಾಳಿ ಕೂರಿಸುವ ಈ ವಿದ್ಯೆ ನಮ್ಮೂರುಗಳಲ್ಲೂ ಇತ್ತು. ಪಿಂಜಾರರದು ಅದೇ ಕಸುಬು. ಹಳೆಯ ಗಾದಿ ಚಪ್ಪಟೆಯಾಗಿ ಗಟ್ಟಿಯಾದಾಗ ಅದನ್ನು ಬಿಚ್ಚಿ, ಉಂಡೆಗಟ್ಟಿದ ಅರಳೆಯನ್ನು ಅಂಗಳದಲ್ಲಿ ಹರಡಿ, ದೊಡ್ಡ ಬಿಲ್ಲಿನ ನಾರಿಯನ್ನು ಅದರೊಳಗೆ ಇಳಿಬಿಟ್ಟು ಮರದ ಕೊಡತಿಯಿಂದ ಮೀಟುತ್ತಿದ್ದರು. ನಾರಿ ಮಿಡಿದಂತೆಲ್ಲ ಹತ್ತಿ ಹಾರಿ ಹಾರಿ ಬಿಡಿಯಾಗುತ್ತಿತ್ತು. ಬೆಳಗ್ಗೆ ಒಂದು ಬುಟ್ಟಿಯಷ್ಟಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ತುಂಬುತ್ತಿತ್ತು. ಹತ್ತಿ ಅಷ್ಟೇ, ತೂಕ ಅಷ್ಟೇ. ಹೊಸದಾಗಿ ಸೇರಿದ್ದು ಗಾಳಿ ಮಾತ್ರ. ದುಡ್ಡು ಕೊಡುತ್ತಿದ್ದುದೂ ಆ ಗಾಳಿಗೇ. ಬೂರುಗದ ಹತ್ತಿಯ ದಿಂಬಿದ್ದವರ ಮನೆಯಲ್ಲಿ ಅದರ ಹಗುರವೇ ಬೇರೆ. ಬೂರುಗದ ಜಾತಿಯ ಕಪೋಕ್ ಹತ್ತಿಯ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ನೀರಿನಲ್ಲಿ ಮುಳುಗುವುದಿಲ್ಲವೆಂದು ಹಡಗಿನವರ ಜೀವರಕ್ಷಕ ಅಂಗಿಗೂ ಅದನ್ನು ತುಂಬುತ್ತಿದ್ದರು. ಟೊಳ್ಳು ಎಳೆಯನ್ನು ಡುಪಾಂಟಿಗಿಂತ ಮೊದಲೇ ಒಂದು ಮರ ನೂತಿತ್ತು.

ಈಗ ಹಳ್ಳಿಯ ಸಂತೆಯಿಂದ ಬೆಂಗಳೂರಿನ ಮಾಲ್‌ವರೆಗೆ ರೆಕ್ರಾನ್ ದಿಂಬು. ಅದೂ ಪಾಲಿಯೆಸ್ಟರ್ ಎಳೆಯೇ. ಚಾರಣಿಗರ ಆ ಜಾಕೆಟ್ಟಿಗೂ ನಮ್ಮ ತಲೆದಿಂಬಿಗೂ ಮೂಲ ಒಂದೇ. ಅಗ್ಗ, ಹಗುರ, ಒಗೆಯಬಹುದು, ಹುಳ ಹಿಡಿಯುವುದಿಲ್ಲ. ಹಕ್ಕಿಯ ಗರಿ ಒಲ್ಲದವರೂ ನಿಶ್ಚಿಂತೆಯಿಂದ ತಲೆಯಿಡಬಹುದು. ಆದರೆ ಎರಡು ಮೂರು ವರ್ಷಕ್ಕೆ ಅದು ಒಳಗೇ ಉಂಡೆಗಟ್ಟಿ ಕೂರುತ್ತದೆ, ಮತ್ತೆ ಏಳುವುದಿಲ್ಲ. ಅದನ್ನು ಹಿಂಜಿಕೊಡುವ ಪಿಂಜಾರನಿಲ್ಲ. ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರುಗುತ್ತಿದ್ದವನ ಕೂಗು ನಿಂತದ್ದಕ್ಕೆ ಈ ದಿಂಬೂ ಒಂದು ಕಾರಣ. ಹಳೆಯದನ್ನು ತಿಪ್ಪೆಗೆಸೆದು ಹೊಸದು ತರುತ್ತೇವೆ.

ನನ್ನ ತಕರಾರು ಇರುವುದು ಇಲ್ಲಿ. ತುಪ್ಪುಳಿನ ಕೆಲಸವನ್ನು ಕಲಿತವರು ಅದರ ಆಯುಷ್ಯವನ್ನು ಕಲಿಯಲಿಲ್ಲ. ಒಳ್ಳೆಯ ತುಪ್ಪುಳಿನ ಮಲಗುಚೀಲವನ್ನು ಒಣಗಿಸಿ, ಮಡಚದೆ ತೂಗುಹಾಕಿ ಜೋಪಾನ ಮಾಡಿದರೆ ದಶಕಗಟ್ಟಲೆ ಉಬ್ಬುತ್ತದೆ. ಸಾವಿರ ಸಲ ಅದುಮಿದರೂ ಆ ಎಳೆಗಳಿಗೆ ತಮ್ಮ ಆಕಾರ ನೆನಪಿರುತ್ತದೆ. ಕೊನೆಗೊಂದು ದಿನ ಸವೆದು ಮಣ್ಣಿಗೆ ಬಿದ್ದರೆ ಅದು ಗರಿ, ಕೊಳೆಯುತ್ತದೆ. ಪಾಲಿಯೆಸ್ಟರಿನದು ಇದಕ್ಕೆ ತದ್ವಿರುದ್ಧ. ಉಪಯೋಗಕ್ಕೆ ಬರುವ ಕಾಲ ಕಡಿಮೆ, ಆಮೇಲೆ ಕಸವಾಗಿ ಉಳಿಯುವ ಕಾಲ ಅಪಾರ. ಬೆಚ್ಚಗಿಡುವ ಕೆಲಸದಲ್ಲಿ ಬೇಗ ದಣಿಯುವ ವಸ್ತು ಇರುವುದರಲ್ಲಿ ಮಾತ್ರ ದಣಿಯುವುದಿಲ್ಲ. ಒಗೆದಾಗೊಮ್ಮೆ ಪಾಲಿಯೆಸ್ಟರ್ ಬಟ್ಟೆಗಳಿಂದ ಕಣ್ಣಿಗೆ ಕಾಣದ ಎಳೆಗಳು ಕಳಚಿ ಚರಂಡಿ ಸೇರುತ್ತವೆ, ಅಲ್ಲಿಂದ ಹೊಳೆಗೆ, ಸಮುದ್ರಕ್ಕೆ.

ಹಾಗೆಂದು ಗರಿಯ ಪಕ್ಷ ಪರಿಶುದ್ಧವೇನಲ್ಲ. ಐಸ್‌ಲ್ಯಾಂಡಿನ ಗೂಡುಗಳು ಪ್ರಪಂಚದ ಬೇಡಿಕೆಯ ಮೂಲೆಗೂ ಸಾಲವು. ಪೇಟೆಯ ತುಪ್ಪುಳು ಬಹುಪಾಲು ಮಾಂಸಕ್ಕೆಂದು ಸಾಕಿದ ಬಾತುಗಳದ್ದು. ಕೆಲವು ಕಡೆ ಜೀವಂತ ಹಕ್ಕಿಯಿಂದಲೇ ಕೀಳುತ್ತಿದ್ದುದು ಬಯಲಾದ ಮೇಲೆ 2014ರಲ್ಲಿ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಎಂಬ ಪ್ರಮಾಣಪತ್ರದ ಪದ್ಧತಿ ಬಂತು. ಆದ್ದರಿಂದ ‘ಯಾವ ಹಕ್ಕಿಗೂ ನೋವಾಗಿಲ್ಲ’ ಎಂಬ ಚೀಟಿ ಹೊತ್ತ ಪಾಲಿಯೆಸ್ಟರ್ ಜಾಕೆಟ್ಟು ಸುಳ್ಳು ಹೇಳುತ್ತಿಲ್ಲ. ನೆಲದಡಿಯ ಎಣ್ಣೆಯಿಂದ ಹೊಳೆಯ ಮೀನಿನವರೆಗಿನ ಉಳಿದ ಲೆಕ್ಕ ಆ ಚೀಟಿಯಲ್ಲಿ ಹಿಡಿಸುವುದಿಲ್ಲ, ಅಷ್ಟೆ.

ಈ ಹದಿನೈದು ವರ್ಷಗಳಲ್ಲಿ ನಡೆದದ್ದು ಇನ್ನೂ ತಮಾಷೆಯಾಗಿದೆ. 2013ರಲ್ಲಿ ಪ್ರೈಮಾಲಾಫ್ಟ್ ಮತ್ತು ನಾರ್ತ್ ಫೇಸ್ ಸೇರಿ ಥರ್ಮೋಬಾಲ್ ಎಂಬ ಹೆಸರಲ್ಲಿ ಪಾಲಿಯೆಸ್ಟರಿನ ಪುಟ್ಟ ಪುಟ್ಟ ಉಂಡೆಗಳನ್ನು ತುಂಬಿದ ಜಾಕೆಟ್ ತಂದವು. ಕೆಲಸ ಕಲಿತ ಮೇಲೆ ಕೊನೆಗೆ ರೂಪವನ್ನೂ ಕಲಿತಂತಾಯಿತು. ಸರಿಸುಮಾರು ಅದೇ ಹೊತ್ತಿಗೆ ತುಪ್ಪುಳಿನ ವ್ಯಾಪಾರಿಗಳು ಅಸಲಿ ತುಪ್ಪುಳಿಗೆ ನೀರು ಅಂಟದ ರಾಸಾಯನಿಕ ಸವರಿ ಮಾರತೊಡಗಿದ್ದರು. ನಕಲಿನ ಗುಣವನ್ನು ಅಸಲು ನಕಲು ಮಾಡಿತು! ಬಾತುಕೋಳಿ ಕೊಕ್ಕಿನಿಂದ ಹೊರಗರಿಗೆ ಸವರುತ್ತಿದ್ದ ಎಣ್ಣೆಯನ್ನು ನಾವು ಕಾರ್ಖಾನೆಯಲ್ಲಿ ಒಳಗರಿಗೆ ಸವರಿದೆವು. ಕದ್ದ ಒಂದು ಅಂಗಿಗೆ, ಬಿಟ್ಟುಬಂದ ಇನ್ನೊಂದು ಅಂಗಿಯ ಗುಣವನ್ನು ತಡವಾಗಿ ಹಚ್ಚಿದೆವು. ಮೊದಲ ಲೇಪಗಳಲ್ಲಿ ಕೆಲವು, ಪರಿಸರದಲ್ಲಿ ಕರಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ಕುಟುಂಬದವು. ಹೀಗೆ ಗರಿಯೂ ಸ್ವಲ್ಪ ಪ್ಲಾಸ್ಟಿಕ್ಕಿನ ಹಾದಿ ಹಿಡಿಯಿತು. ಎರಡನ್ನೂ ಬೆರೆಸಿ ತುಂಬಿದ ಜಾಕೆಟ್ಟುಗಳೂ ಬಂದವು.

2018ರಲ್ಲಿ ಪ್ರೈಮಾಲಾಫ್ಟ್ ಕಂಪನಿ ಕೊಳೆಯಬಲ್ಲ ಪಾಲಿಯೆಸ್ಟರ್ ಎಳೆ ಮಾಡಿದ್ದೇವೆ ಎಂದು ಪ್ರಕಟಿಸಿತು. ಬಳಸಿ ಎಸೆದ ಪ್ಲಾಸ್ಟಿಕ್ಕಿನಿಂದ ತೆಗೆದ ಎಳೆ. ಮೈಮೇಲೆ ಇರುವಷ್ಟು ಕಾಲ ಗಟ್ಟಿ, ಕಸದ ಗುಂಡಿಗೋ ಸಮುದ್ರಕ್ಕೋ ಸೇರಿದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ರುಚಿಸುವಂತೆ ಅದನ್ನು ಹದಮಾಡಲಾಗಿದೆ ಎನ್ನುತ್ತದೆ ಕಂಪನಿ. ಮಾರುವವರ ಮಾತನ್ನು ಮಾರುವವರ ಮಾತೆಂದೇ ತೆಗೆದುಕೊಳ್ಳಬೇಕು. ಆದರೆ ಗುರಿ ಸರಿಯಾಗಿದೆ. ಪೇಟೆಂಟ್ ಬಂದು ಮೂವತ್ತೆರಡು ವರ್ಷದ ಮೇಲೆ ಗರಿಯಿಂದ ಕಲಿಯಲು ಬಾಕಿಯಿದ್ದ ಪಾಠಕ್ಕೆ ಕೈಹಾಕಿದ್ದಾರೆ. ಎರಡನೆಯ ಪಾಠ, ಹಿಂಜಿ ಮತ್ತೆ ಉಬ್ಬಿಸುವುದು, ಅದರ ಬಗ್ಗೆ ಯಾರೂ ಇನ್ನೂ ಉತ್ಸಾಹ ತೋರಿಸಿದಂತಿಲ್ಲ. ಅದರಲ್ಲಿ ಮಾರಾಟವಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಪ್ರತಿ ಚಳಿಗಾಲದಲ್ಲಿ ಹಿಮಾಲಯ ಹತ್ತಲು ಹೊರಡುವ ಹುಡುಗ ಹುಡುಗಿಯರು ಈಗ ಬಹಳ. ಅಂಗಡಿಯಲ್ಲಿ ಎರಡೂ ಜಾಕೆಟ್ಟು ಎದುರಿಗಿಟ್ಟುಕೊಂಡು ಯಾವುದು ಒಳ್ಳೆಯದೆಂದು ಕೇಳುತ್ತಾರೆ. ಲಡಾಖಿನ ಒಣ ಚಳಿಗೆ, ರಾತ್ರಿ ಡೇರೆಯ ಬಳಿ ಸುಮ್ಮನೆ ಕೂರುವುದಕ್ಕೆ ತುಪ್ಪುಳೇ ಮೇಲು; 700–800 ಅಂಕದ್ದಿದ್ದರೆ ಮುಷ್ಟಿಯಷ್ಟಕ್ಕೆ ಮಡಚಿ ಚೀಲಕ್ಕೆ ಹಾಕಬಹುದು. ಉತ್ತರಾಖಂಡದ ಹಸಿ ಹಿಮದಲ್ಲಿ, ಬೆನ್ನು ಬೆವರುವಂತೆ ಹತ್ತುತ್ತ ಇರುವಾಗ ಪಾಲಿಯೆಸ್ಟರ್ ತುಂಬಿದ್ದು ವಾಸಿ. ಐದು ದಿನದ ಚಾರಣಕ್ಕೆ ಯಾವುದನ್ನೂ ಕೊಳ್ಳಬೇಕಿಲ್ಲ, ಬಾಡಿಗೆಗೆ ಸಿಗುತ್ತದೆ; ಒಂದೇ ಜಾಕೆಟ್ಟು ಇಪ್ಪತ್ತು ಮೈಗಳನ್ನು ಬೆಚ್ಚಗಿಟ್ಟರೆ ಗರಿಗೂ ಒಳ್ಳೆಯದು, ಹೊಳೆಗೂ ಒಳ್ಳೆಯದು. ಜುಲೈ ತಿಂಗಳ ಮುಳ್ಳಯ್ಯನಗಿರಿಗೋ ಕೊಡಚಾದ್ರಿಗೋ ಹೊರಟವರು ಮಾತ್ರ ದಯವಿಟ್ಟು ಎರಡನ್ನೂ ಮುಟ್ಟಬೇಡಿ. ಒಂದು ಹಳೆಯ ಸ್ವೆಟರ್, ಮೇಲೊಂದು ಗಟ್ಟಿ ರೇನ್‌ಕೋಟ್ ಸಾಕು.